ಚೀಟಿಯಲ್ಲಿ ಬಂದ ಬಿಳಿ ಹಡಗು

ಬಂದರು ರಸ್ತೆ, ಮಹಡಿ ಮನೆ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯೋ? ಸೊಂಟದ ನೋವು ತಗ್ಗಿತೇ? ಎಂಜಿನ್ ರೂಮಿನ ಕಾವಿನಿಂದ ನೇರ ಎದ್ದು ಬಂದು ತಣ್ಣೀರು ಕುಡಿಯುವ ಚಟ ಬಿಟ್ಟೆಯೋ ಇಲ್ಲವೋ? ನಲವತ್ತು ದಾಟಿದ ಚೀಫ್ ಎಂಜಿನಿಯರನ್ನು ಗುಂಡ ಎಂದು ಕರೆಯುವುದು ಚೆನ್ನಾಗಿರುವುದಿಲ್ಲ ಎಂದು ಹೋದ ಸಲ ಮುನಿಸಿಕೊಂಡಿದ್ದೆ. ಹಡಗಿನಲ್ಲಿ ಅಷ್ಟು ಜನ ನಿನ್ನನ್ನು ಸರ್ ಎನ್ನುತ್ತಾರಲ್ಲ, ಸಾಕು. ಅಮ್ಮ ಹೋದಮೇಲೆ ಗುಂಡ ಎನ್ನಲು ಉಳಿದವಳು ನಾನೊಬ್ಬಳೇ. ನಾನೂ ಬಿಟ್ಟರೆ ಆ ಹೆಸರಿಗೆ ಯಾರು ದಿಕ್ಕು? ಫೋನಿನಲ್ಲಿ ಮಾತನಾಡೋಣವೆಂದರೆ ನಿನ್ನ ದನಿ ಬಾವಿಯ ತಳದಿಂದ ಬಂದ ಹಾಗೆ ಬರುತ್ತದೆ. "ಅಕ್ಕಾ, ಕೇಳಿಸ್ತಿದ್ಯಾ, ಅಕ್ಕಾ" ಎನ್ನುವುದರಲ್ಲೇ ಕಥೆ ಮುಗಿಯುತ್ತದೆ. ಅದಕ್ಕೇ ಈ ಕಾಗದ. ನಿನ್ನ ಹಡಗಿನ ಏಜೆಂಟರ ಆಫೀಸಿನ ಟಪಾಲು ಚೀಲಕ್ಕೆ ಹಾಕಿದರೆ ನೀನು ಮುಂದೆ ಮುಟ್ಟುವ ಬಂದರಿನಲ್ಲಿ ನಿನ್ನ ಕೈಸೇರುತ್ತದಂತೆ.

ನಾನು ಚೆನ್ನಾಗಿದ್ದೇನೆ. ಕೆಳಗಿನ ಮನೆಯ ದರ್ಜಿ ಮಾವನಿಗೆ ಕಣ್ಣಿನ ಆಪರೇಷನ್ ಆಯಿತು. ಈಗ ಬೆಳಕಿದ್ದಾಗ ಮಾತ್ರ ಹೊಲಿಯುತ್ತಾರೆ. ಅವರ ಮಿಷನ್ನಿನ ಗಲಾಟೆಗೆ ಎಷ್ಟು ಸಲ ಜಗಳ ಕಾಯ್ದಿದ್ದೆನೋ ನಿನಗೇ ಗೊತ್ತು. ಈಗ ಸಂಜೆ ಆಫೀಸಿನಿಂದ ಬಂದು ಬೀಗ ತೆಗೆದರೆ ಕಿವಿ ಬಿಕೋ ಎನ್ನುತ್ತದೆ. ಊಟಕ್ಕೆ ಕೂತಾಗ ರೇಡಿಯೋ ಹಾಕಿಕೊಳ್ಳುತ್ತೇನೆ, ಏನು ಹೇಳುತ್ತಿದ್ದಾರೆ ಎಂದು ಕೇಳುವುದಕ್ಕಲ್ಲ, ಯಾರೋ ಹೇಳುತ್ತಿದ್ದಾರಲ್ಲ ಎಂದು. ಒಬ್ಬಳಿಗೆ ಅಡುಗೆ ಮಾಡುವ ಅಳತೆ ಇನ್ನೂ ಕೈಗೆ ಹತ್ತಿಲ್ಲ. ಇಬ್ಬರಿಗಾಗುವಷ್ಟು ಬೇಯಿಸುತ್ತೇನೆ, ಮರುದಿನ ಅದನ್ನೇ ಬಿಸಿ ಮಾಡಿಕೊಂಡು ತಿನ್ನುತ್ತೇನೆ. ನಿನ್ನ ಮಂಚದ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಟ್ಟಿದ್ದೇನೆ, ಬೈಯಬೇಡ. ಖಾಲಿ ಮಂಚ ನೋಡುವುದಕ್ಕಿಂತ ಅದು ವಾಸಿ. ಸಂಬಂಧ ಹುಡುಕುವ ನೆಂಟರು ನಮ್ಮಿಬ್ಬರನ್ನೂ ಕೈಬಿಟ್ಟು ಎಷ್ಟೋ ಕಾಲವಾಯಿತು, ಆ ಒಂದು ನೆಮ್ಮದಿಯಂತೂ ಇದೆ.

ಈ ಐದಾರು ತಿಂಗಳು ಆಫೀಸಿನಲ್ಲಿ ನಡೆದದ್ದನ್ನು ನಿನಗೆ ಹೇಳಲೇಬೇಕು. ತುಂಡು ತುಂಡಾಗಿ ಫೋನಿನಲ್ಲಿ ಹೇಳಿದರೆ ಅದಕ್ಕೆ ತಲೆಯೂ ಇರುವುದಿಲ್ಲ, ಬಾಲವೂ ಇರುವುದಿಲ್ಲ. ನನ್ನ ಕೆಲಸ ನಿನಗೆ ಗೊತ್ತು. ಬಂದರಿಗೆ ಬರುವ ಹಡಗುಗಳು ಸುರಕ್ಷಿತವಾಗಿವೆಯೇ ಎಂದು ಎಲ್ಲವನ್ನೂ ಹತ್ತಿ ನೋಡಲು ನಮ್ಮಲ್ಲಿ ಜನ ಸಾಲದು. ಮೂವರು ಇನ್ಸ್‌ಪೆಕ್ಟರುಗಳು, ಕಟ್ಟೆಯುದ್ದಕ್ಕೂ ಹಡಗುಗಳು. ಆದ್ದರಿಂದ ದಿನಾ ಬೆಳಗ್ಗೆ ಯಾವ ನಾಲ್ಕು ಹಡಗು ಹತ್ತಬೇಕು ಎಂದು ಆರಿಸುವುದು ನನ್ನ ಮೇಜಿನ ಪಾಲು. ಹಡಗಿಗೆ ಎಷ್ಟು ವಯಸ್ಸು, ಯಾವ ದೇಶದ ಬಾವುಟ, ಹಿಂದೆ ಎಲ್ಲಾದರೂ ತಡೆಹಿಡಿದಿದ್ದರೋ, ಇದಕ್ಕೆಲ್ಲ ಅಂಕ ಹಾಕಿದ ಒಂದು ಕೋಷ್ಟಕವಿದೆ. ಅಂಕ ಹೆಚ್ಚಿದ್ದಷ್ಟೂ ಅನುಮಾನ ಹೆಚ್ಚು. ನಾನು ಬರುವ ಮೊದಲಿನಿಂದಲೂ ಇದೇ ಪದ್ಧತಿ. ನಾನೂ ಕಣ್ಣುಮುಚ್ಚಿ ನಡೆಸಿಕೊಂಡು ಬಂದವಳೇ.

ಬೇಸಿಗೆಯಲ್ಲಿ ಒಂದು ಸರಕು ಹಡಗು ನಮ್ಮ ಬಂದರಿಗೆ ಹಲವು ಸಲ ಬಂದು ಹೋಯಿತು. ಹೊಸ ಹಡಗು, ಒಳ್ಳೆಯ ಬಾವುಟ, ಕಪ್ಪು ಚುಕ್ಕೆಯಿಲ್ಲದ ದಾಖಲೆ. ಅಂಕ ಅಷ್ಟು ಕಡಿಮೆಯಿದ್ದ ಮೇಲೆ ಯಾರೂ ಅದನ್ನು ಹತ್ತಲಿಲ್ಲ. ಇಲ್ಲಿಂದ ಹೊರಟು ಮುಂದಿನ ಬಂದರಿನಲ್ಲಿ ಲೈಫ್‌ಬೋಟ್ ಇಳಿಸುವ ಅಭ್ಯಾಸ ಮಾಡುವಾಗ ದೋಣಿಯ ಒಂದು ತುದಿಯ ಕೊಕ್ಕೆ ತಾನಾಗಿ ಬಿಚ್ಚಿಕೊಂಡಿತು. ದೋಣಿ ಒಂದು ಕಡೆ ನೇತಾಡಿ ನೀರಿಗೆ ಬಿತ್ತು. ಒಳಗಿದ್ದ ಇಬ್ಬರು ಸತ್ತರು. ಅದರಲ್ಲಿ ಒಬ್ಬ ಸೆಕೆಂಡ್ ಎಂಜಿನಿಯರ್. ಜೀವ ಉಳಿಸಲೆಂದು ಕಟ್ಟಿದ ದೋಣಿ ನೋಡು. ಸುದ್ದಿ ಎಲ್ಲ ಬಂದರುಗಳಿಗೂ ಎರಡು ಸಾಲಿನಲ್ಲಿ ಬಂತು. ನಮ್ಮ ಆಫೀಸಿನಲ್ಲಿ ಎಲ್ಲರೂ ಓದಿ ಚ್ಚು ಚ್ಚು ಎಂದರು. ತಪ್ಪು ಯಾರದೂ ಅಲ್ಲ, ಕೋಷ್ಟಕದ ಪ್ರಕಾರ ಅದು ಒಳ್ಳೆಯ ಹಡಗು. ನನಗೆ ಮಾತ್ರ ಆ ಮಧ್ಯಾಹ್ನ ಊಟ ಸೇರಲಿಲ್ಲ. ನೀನು ಸೇರಿಕೊಳ್ಳುವುದೆಲ್ಲ ಅಂಥ ಹಡಗುಗಳೇ ಅಲ್ಲವೇನೋ? ಒಳ್ಳೆಯ ಬಾವುಟ, ಒಳ್ಳೆಯ ಹೆಸರು. ಹಾಗಾದರೆ ನೀನಿರುವ ಹಡಗನ್ನು ಯಾವ ಬಂದರಿನಲ್ಲೂ ಯಾರೂ ಹತ್ತುತ್ತಿಲ್ಲ ಎಂದಾಯಿತಲ್ಲ.

ಮರುದಿನವೇ ದೊಡ್ಡವರ ಕೋಣೆಗೆ ಹೋದೆ. ನಮ್ಮ ಆಫೀಸಿನ ಮುಖ್ಯಸ್ಥರು, ಹಿಂದೆ ಕ್ಯಾಪ್ಟನ್ ಆಗಿದ್ದವರು, ಎಲ್ಲರಿಗೂ ಅವರು ದೊಡ್ಡವರೇ. ನನ್ನ ಮನಸ್ಸಿನಲ್ಲಿದ್ದದ್ದನ್ನು ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರ ಉದಾಹರಣೆ ಕೊಟ್ಟು ಹೇಳಿದೆ. ನೆನಪಿದೆಯೇ, ಹಿಂದಿನ ಬೆಂಚಿನವರನ್ನೇ ಎಬ್ಬಿಸಿ ಎಬ್ಬಿಸಿ ಪ್ರಶ್ನೆ ಕೇಳುತ್ತಿದ್ದರಲ್ಲ. ಹಿಂದಿನ ಬೆಂಚಿನವರಿಗೆ ಏನೂ ಬರುವುದಿಲ್ಲ ಎಂದು ಅವರಿಗೆ ವರ್ಷ ವರ್ಷವೂ ಖಾತ್ರಿಯಾಗುತ್ತಿತ್ತು. ಮುಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತ ನನ್ನಂಥವರಿಗೆ ಏನು ಬರುತ್ತದೆ ಎಂದು ಅವರು ಕೇಳಿದ್ದರೆ ತಾನೇ ತಿಳಿಯುವುದು! ನಮ್ಮ ಕೋಷ್ಟಕವೂ ಹಾಗೆಯೇ ಸರ್ ಎಂದೆ. ಹಳೆಯ ಹಡಗುಗಳನ್ನೇ ಹತ್ತುತ್ತೇವೆ, ಅವುಗಳಲ್ಲೇ ದೋಷ ಸಿಗುತ್ತದೆ, ಅದಕ್ಕೇ ಮತ್ತೆ ಅವುಗಳನ್ನೇ ಹತ್ತುತ್ತೇವೆ. ದಿನಕ್ಕೆ ಒಂದು ಹಡಗನ್ನಾದರೂ ಅಂಕ ನೋಡದೆ, ಚೀಟಿ ಎತ್ತಿ ಆರಿಸೋಣ. ಕೋಷ್ಟಕ ಎಲ್ಲಿ ತಪ್ಪುತ್ತಿದೆ ಎಂದು ಆಗ ಗೊತ್ತಾಗುತ್ತದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಅಲ್ಲಮ್ಮಾ, ಚೀಟೀಲಿ ಒಂದು ಒಳ್ಳೇ ಹಡಗು ಬಂತು ಅಂದ್ಕೋ. ಅದನ್ನ ನೋಡೋಕೆ ಹೋದಾಗ ಪಕ್ಕದ ಕಟ್ಟೆಯಿಂದ ಲಡಾಸು ಹಡಗೊಂದು ಹೊರಟೋಯ್ತು. ಅದಕ್ಕೆ ಯಾರು ಜವಾಬ್ದಾರಿ?" ಎಂದರು. ಆ ಅಪಾಯ ಇದ್ದೇ ಇದೆ ಸರ್ ಎಂದು ಒಪ್ಪಿಕೊಂಡೆ. ಅದು ಅವರಿಗೆ ಹಿಡಿಸಿತೋ ಏನೋ, ಮೂರು ತಿಂಗಳು ಮಾಡಿ ನೋಡೋಣ ಎಂದರು. ಕಂಪ್ಯೂಟರಿನಲ್ಲಿ ಚೀಟಿ ಎತ್ತಿದರೆ ನಾವೇ ತಿರುಚಿದೆವು ಎನ್ನುತ್ತಾರೆಂದು ನಿಜವಾದ ಕಾಗದದ ಚೀಟಿಯೇ ಆಗಬೇಕೆಂದು ಹಟ ಹಿಡಿದರು. ಹೀಗೆ ಒಂದು ಬಿಸ್ಕತ್ತಿನ ಡಬ್ಬಿಗೆ ಸರ್ಕಾರಿ ಕೆಲಸ ಸಿಕ್ಕಿತು, ನನಗೆ ಲಾಟರಿ ಮೇಡಂ ಎಂಬ ಬಿರುದು ಸಿಕ್ಕಿತು.

ಮೊದಲ ವಾರಗಳಲ್ಲಿ ನನ್ನ ಮಾನ ಹರಾಜಾಯಿತು ಕಣೋ. ಚೀಟಿಯಲ್ಲಿ ಬಂದ ಹಡಗುಗಳೆಲ್ಲ ಕನ್ನಡಿ ಕನ್ನಡಿ. ನಮ್ಮ ಹಿರಿಯ ಇನ್ಸ್‌ಪೆಕ್ಟರ್ ಇದ್ದಾರಲ್ಲ, ಹಾಡುಹಗಲಲ್ಲೂ ಟಾರ್ಚ್ ಹಿಡಿದೇ ತಿರುಗುವವರು, ಟಾರ್ಚ್ ಸಾಹೇಬರು, ಅವರು ದಿನಾ ಬಂದು ನನ್ನ ಮೇಜಿಗೆ ಒರಗಿ "ಇವತ್ತೂ ಬೆಣ್ಣೇಲಿ ಕಲ್ಲು ಹುಡುಕ್ಬಂದೆ ತಾಯಿ" ಎನ್ನುತ್ತಿದ್ದರು. ಏಜೆಂಟರು ಫೋನ್ ಮಾಡಿ ನಮ್ಮ ಹಡಗಿನ ಮೇಲೆ ಏನು ಸಿಟ್ಟು ಎಂದು ಕೇಳಿದರು. ಅದನ್ನೂ ಸಹಿಸಿಕೊಂಡೆ. ಆದರೆ ಒಂದು ದಿನ ದೊಡ್ಡವರು ಹೇಳಿದ್ದೇ ನಡೆದುಹೋಯಿತು. ಚೀಟಿಯ ಹಡಗಿಗಾಗಿ ನಾವು ನೋಡದೆ ಬಿಟ್ಟ, ಮರದ ದಿಮ್ಮಿ ಸಾಗಿಸುವ ಒಂದು ಹಳೆಯ ಹಡಗನ್ನು ಮುಂದಿನ ಬಂದರಿನವರು ತಡೆಹಿಡಿದರು. ಸರಕಿನ ಗೂಡಿನ ಮುಚ್ಚಳಗಳು ತುಕ್ಕು ತಿಂದು ಜರಡಿಯಾಗಿದ್ದವಂತೆ. ಅಂಥ ಮುಚ್ಚಳ ಹೊತ್ತು ಅದು ನಮ್ಮ ಕಣ್ಣೆದುರೇ ಸಮುದ್ರಕ್ಕೆ ಹೋಗಿತ್ತು. ಅಲೆ ಏಳಲಿಲ್ಲ, ಯಾರ ಪುಣ್ಯವೋ. ನಾನು ದೊಡ್ಡವರ ಬಳಿ ಹೋಗಿ ನಿಲ್ಲಿಸಿಬಿಡೋಣ ಸರ್ ಎಂದೆ. ಅವರು ಬೈಯುತ್ತಾರೆಂದುಕೊಂಡರೆ, "ಮೂರು ತಿಂಗಳು ಅಂದ್ಮೇಲೆ ಮೂರು ತಿಂಗಳು. ಅರ್ಧಕ್ಕೆ ಬಿಟ್ರೆ ನಷ್ಟ ಮಾತ್ರ ಉಳಿಯುತ್ತೆ, ಏನೂ ಕಲಿತ ಹಾಗಾಗಲ್ಲ" ಎಂದರು. ಅವತ್ತು ಮನೆಗೆ ಬಂದು ದೀಪ ಹಾಕದೆ ಬಹಳ ಹೊತ್ತು ಕೂತಿದ್ದೆ. ನೀನಿದ್ದಿದ್ದರೆ "ಏನಕ್ಕಾ, ಕತ್ತಲಲ್ಲಿ ಕೂತು ಕರೆಂಟ್ ಉಳಿಸ್ತಿದ್ಯಾ" ಎಂದು ಛೇಡಿಸುತ್ತಿದ್ದೆ. ಛೇಡಿಸುವವರಿಲ್ಲದಿದ್ದರೆ ದುಃಖಕ್ಕೂ ಒಂದು ಕೊನೆಯೇ ಇರುವುದಿಲ್ಲ ನೋಡು.

ಅದಾದ ಮೇಲೆ ಬಂದದ್ದು ಆ ಬಿಳಿ ಹಡಗು. ಕಾರುಗಳನ್ನು ಸಾಗಿಸುವಂಥದು, ಮೈಯೆಲ್ಲ ಗೋಡೆ, ಕಿಟಕಿಯೇ ಇಲ್ಲ, ನೀರಿನ ಮೇಲೆ ಗೋದಾಮು ಕಟ್ಟಿದ ಹಾಗಿತ್ತು. ಚೀಟಿ ಎತ್ತಿದ್ದು ದೊಡ್ಡವರೇ. ಅಂಕ ನೋಡಿದರೆ ಪಟ್ಟಿಯ ತೀರಾ ತಳದಲ್ಲಿತ್ತು. ಟಾರ್ಚ್ ಸಾಹೇಬರು ನನ್ನ ಮುಖ ನೋಡಿ "ಬಾ ತಾಯಿ, ದಿನಾ ಕೂತ್ಕೊಂಡೇ ಆರಿಸ್ತೀಯಲ್ಲ, ಇವತ್ತು ಹತ್ತಿ ನೋಡು" ಎಂದರು. ತಲೆಗೆ ಹೆಲ್ಮೆಟ್, ನನ್ನ ಕಾಲಿಗೆ ಎರಡು ಸೈಜು ದೊಡ್ಡ ಬೂಟು ಹಾಕಿಕೊಂಡು ಏಣಿ ಹತ್ತಿದೆ. ನೀನು ದಿನಾ ಹತ್ತಿಳಿಯುವ ಏಣಿ ಅಷ್ಟು ಅಲುಗಾಡುತ್ತದೆ ಎಂದು ನೀನು ಒಂದು ದಿನವೂ ಹೇಳಿರಲಿಲ್ಲ.

ಕ್ಯಾಪ್ಟನ್ ನಗುನಗುತ್ತಾ ಬರಮಾಡಿಕೊಂಡ. ಕಾಗದಪತ್ರವೆಲ್ಲ ಸರಿಯಾಗಿತ್ತು. ಮೇಲೆಲ್ಲ ಹೊಸ ಬಣ್ಣ, ಇನ್ನೂ ವಾಸನೆ ಹೋಗಿರಲಿಲ್ಲ. ಬೆಂಕಿ ಬಿದ್ದರೆ ಒಳಗೆ ಗಾಳಿ ಹೋಗದಂತೆ ಮುಚ್ಚುವ ಕಬ್ಬಿಣದ ಬಾಗಿಲುಗಳಿರುತ್ತವಲ್ಲ, ಟಾರ್ಚ್ ಸಾಹೇಬರು ಅಂಥದೊಂದರ ಮುಂದೆ ನಿಂತು ಮುಚ್ಚಿ ತೋರಿಸಿ ಎಂದರು. ನಾವಿಕನೊಬ್ಬ ಹಿಡಿ ಹಿಡಿದು ಎಳೆದ, ಬರಲಿಲ್ಲ. ಇಬ್ಬರು ಸೇರಿ ಎಳೆದರು. ಹಿಡಿಯೇ ಕಿತ್ತು ಕೈಗೆ ಬಂತು. ಬಣ್ಣದ ಕೆಳಗೆ ಬರೀ ತುಕ್ಕು. ಪಕ್ಕದ್ದೂ ಹಾಗೆಯೇ, ಅದರಾಚೆಯದೂ ಹಾಗೆಯೇ. ಕ್ಯಾಪ್ಟನ್‌ನ ನಗು ಮಾಯವಾಯಿತು. ಆಮೇಲೆ ಬೆಂಕಿ ಆರಿಸುವ ತುರ್ತು ಪಂಪು ಹಾಕಿಸಿದರು. ಪಂಪೇನೋ ಓಡಿತು. ಕೊಳವೆಯ ಬಾಯಲ್ಲಿ ನೀರು ತೊಟ್ಟು ತೊಟ್ಟಾಗಿ ಬಂತು. "ಮುದುಕನ ಉಚ್ಚೆ ಹಾಗಿದೆಯಲ್ರೀ" ಎಂದುಬಿಟ್ಟ ಸಾಹೇಬರು, ಹಿಂದೆ ನಾನಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡು "ಕ್ಷಮಿಸು ತಾಯಿ" ಎಂದರು. ನಗು ಬಂತು, ಆದರೆ ಕೆಳಗೆ ಸಾಲು ಸಾಲಾಗಿ ನಿಂತ ಅಷ್ಟೊಂದು ಕಾರುಗಳನ್ನು ನೋಡಿದಾಗ ಆ ನಗು ಅಲ್ಲೇ ಆರಿತು. ಒಂದು ಕಾರಿಗೆ ಕಿಡಿ ಬಿದ್ದರೂ ಸಾಕಿತ್ತು. ವಿಚಾರಿಸಿದರೆ, ಹೋದ ವರ್ಷ ಹಡಗನ್ನು ನಡೆಸುವ ಕಂಪನಿ ಕೈ ಬದಲಾಗಿತ್ತು. ಆಮೇಲೆ ದುರಸ್ತಿಗೆ ಸಾಮಾನು ಕಳಿಸಿಲ್ಲ, ಕರಾರು ಮುಗಿದವರನ್ನು ಮನೆಗೆ ಕಳಿಸಿಲ್ಲ. ನಮ್ಮ ಕೋಷ್ಟಕದಲ್ಲಿ ಹಳೆಯ ಕಂಪನಿಯ ಕಾಲದ ಒಳ್ಳೆಯ ಹೆಸರು ಮಾತ್ರ ಹಾಗೇ ಉಳಿದಿತ್ತು.

ಸಾಹೇಬರು ಬರೆಯುವುದು ಬರೆಯುತ್ತಿದ್ದಾಗ ನಾನು ಊಟದ ಕೋಣೆಯಲ್ಲಿ ಕೂತಿದ್ದೆ. ಅಡುಗೆಯವ, ನನಗಿಂತ ವಯಸ್ಸಾದವನು, ಚಹಾ ತಂದಿಟ್ಟ. ತಪಾಸಣೆಗೆ ಹೋದವರು ಹಡಗಿನಲ್ಲಿ ಉಣ್ಣಬಾರದು, ಚಹಾ ಪರವಾಗಿಲ್ಲ. ಅವನು ಹೋಗಲಿಲ್ಲ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾ ನಿಂತ. "ಮೇಡಂ, ಬಂದರು ಮುಟ್ಟಿದಾಗೆಲ್ಲ ಯಾರಾದ್ರೂ ಹತ್ತಿ ಬರ್ತಾರೇನೋ ಅಂತ ನೋಡ್ತಿದ್ವಿ. ಯಾರೂ ಬರ್ಲಿಲ್ಲ. ನಮ್ಮದು ಒಳ್ಳೇ ಹಡಗಂತಲ್ಲ" ಎಂದ. ನೀವೇ ದೂರು ಕೊಡಬಹುದಿತ್ತಲ್ಲ ಎಂದೆ. ನನಗೆ ಆ ಪ್ರಶ್ನೆ ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದಕ್ಕೆ ಈಗಲೂ ಮುಜುಗರವಾಗುತ್ತದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಾವಾಗೇ ಹೇಳಿದ್ರೆ ಹೇಳಿದ್ದು ಯಾರು ಅಂತ ಹುಡುಕ್ತಾರೆ ಮೇಡಂ. ನೀವು ಬಂದು ಕೇಳಿದ್ರೆ ಉತ್ತರ ಕೊಟ್ವಿ ಅಂತಾಗುತ್ತೆ." ಇಷ್ಟು ಹೇಳಿ ನನ್ನ ಖಾಲಿ ಲೋಟ ನೋಡಿದವನೇ, ಬೇಕೇ ಎಂದು ಕೇಳದೆ ತುಂಬಿಸಿಬಿಟ್ಟ. ಗುಂಡಾ, ನಮ್ಮ ಮನೆಯಲ್ಲಿ ಈಗ ಲೋಟ ತುಂಬುವವಳೂ ನಾನೇ, ಕುಡಿಯುವವಳೂ ನಾನೇ. ಕೇಳದೆ ಯಾರಾದರೂ ಬಡಿಸಿ ಎಷ್ಟು ಕಾಲವಾಗಿತ್ತೋ. ಕಣ್ಣು ತುಂಬಿ ಬಂತು. ಚಹಾದ ಹಬೆ ಎಂದು ಕನ್ನಡಕ ಒರೆಸಿಕೊಂಡೆ. ಅವನು ಮನೆ ಬಿಟ್ಟು ಒಂದೂವರೆ ವರ್ಷವಾಗಿತ್ತಂತೆ. ನಾವಿಬ್ಬರೂ ಒಂದೇ ಕಾಯಿಲೆಯವರು, ಮಾತಾಡಿಕೊಳ್ಳಲಿಲ್ಲ ಅಷ್ಟೇ.

ಹಡಗನ್ನು ತಡೆಹಿಡಿದೆವು. ಕಂಪನಿಯವರು ವಕೀಲರನ್ನು ಕರೆತಂದು ಕೂಗಾಡಿದರು, ಚೀಟಿ ಎತ್ತಿ ಹಡಗು ಹಿಡಿಯುವುದು ಜೂಜು ಎಂದರು. ದೊಡ್ಡವರು "ಚೀಟಿ ಎತ್ತಿ ಹತ್ತಿದ್ವಿ, ಚೀಟಿ ಎತ್ತಿ ಹಿಡೀಲಿಲ್ಲ. ಹಿಡಿದದ್ದು ಇದಕ್ಕೆ" ಎಂದು ಕಿತ್ತುಬಂದ ಆ ಹಿಡಿಯನ್ನು ಮೇಜಿನ ಮೇಲಿಟ್ಟರು. ವಕೀಲರು ಅದನ್ನು ನೋಡಿ ಫೈಲು ಮುಚ್ಚಿದರು. ಎಲ್ಲ ಸರಿಪಡಿಸಿದ ಮೇಲೆ, ಕರಾರು ಮುಗಿದವರನ್ನು ಮನೆಗೆ ಕಳಿಸಿದ ಮೇಲೆ, ಹಡಗನ್ನು ಬಿಟ್ಟೆವು. ಮೂರು ತಿಂಗಳು ಮುಗಿದಾಗ ಎಲ್ಲರೂ ಕೂತು ಹೊಸ ಪದ್ಧತಿ ಗೊತ್ತು ಮಾಡಿದೆವು. ಕಂಪನಿ ಕೈ ಬದಲಾದರೆ ಅದಕ್ಕೂ ಅಂಕ ಹಾಕಬೇಕೆಂದು ಹೇಳಿದ್ದು ಟಾರ್ಚ್ ಸಾಹೇಬರು. ತೀರಾ ಕೆಟ್ಟ ಅಂಕದ ಹಡಗುಗಳನ್ನು ಯಾವ ಕಾರಣಕ್ಕೂ ಬಿಡದೆ, ಉಳಿದ ಜಾಗಕ್ಕೆ ಮಾತ್ರ ಚೀಟಿ ಎತ್ತಬೇಕೆಂದದ್ದು ದೊಡ್ಡವರು. ಹಡಗನ್ನು ಕೊನೆಯ ಸಲ ಯಾರಾದರೂ ಹತ್ತಿ ನೋಡಿ ಎಷ್ಟು ಕಾಲವಾಯಿತು ಎಂಬುದನ್ನೂ ಎಣಿಸಬೇಕೆಂದದ್ದು ನಾನು. ಆ ದಿಮ್ಮಿ ಹಡಗು ಮಾತ್ರ ಇನ್ನೂ ನನ್ನ ಎದೆಯ ಮೇಲಿದೆ. ಅದು ಇಳಿಯುವುದಿಲ್ಲ, ಇಳಿಯಲೂ ಬಾರದು.

ತೀರ್ಮಾನವಾದ ದಿನ ಆಫೀಸಿನಲ್ಲಿ ಎಲ್ಲರೂ ಕೈ ಕುಲುಕಿದರು. ಬಿಸ್ಕತ್ತಿನ ಡಬ್ಬಿಗೂ ಯಾರೋ ಕೈ ಕುಲುಕಿದರು. ಖುಷಿಯಲ್ಲಿ ಮೆಟ್ಟಿಲು ಹತ್ತಿ, ಬೀಗ ತೆಗೆದು, ಒಳಗೆ ಹೋಗಿ "ಗುಂಡಾ, ಆಯ್ತು ಕಣೋ" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ನಿನ್ನ ಮಂಚದ ಮೇಲೆ ಇಸ್ತ್ರಿ ಬಟ್ಟೆ ಕೂತಿತ್ತು. ಕೆಳಗೆ ಹೋಗಿ ದರ್ಜಿ ಮಾವನಿಗೆ ಹೇಳಿದೆ. ಕೋಷ್ಟಕ, ಚೀಟಿ, ಎಲ್ಲ ಕೇಳಿಸಿಕೊಂಡು "ಒಳ್ಳೇದಾಯ್ತಮ್ಮ, ಸಂಬಳ ಜಾಸ್ತಿ ಮಾಡ್ತಾರಾ?" ಎಂದರು. ಇಲ್ಲ ಮಾವ ಎಂದು ಮೇಲೆ ಬಂದೆ. ಅವತ್ತಿನಿಂದ ಈ ಕಾಗದವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೇನೆ.

ಮೈ ಕಡೆ ಗಮನವಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹಡಗಿನ ಅಡುಗೆಯವನಿಗೆ ನನ್ನ ನಮಸ್ಕಾರ ತಿಳಿಸು. ಯಾಕೆ ಎಂದು ಕೇಳಿದರೆ ಸುಮ್ಮನೆ ಎನ್ನು. ಸಮುದ್ರ ನಿನ್ನನ್ನು ತಣ್ಣಗಿಟ್ಟಿರಲಿ. ನೂರು ವರ್ಷ ಬಾಳು, ಅದರಲ್ಲಿ ಸ್ವಲ್ಪವನ್ನಾದರೂ ನೆಲದ ಮೇಲೆ ಬಾಳು.

ಇಂತಿ ನಿನ್ನ,
ಅಕ್ಕ

ತಾ.ಕ.: ಚೀಲ ಕಟ್ಟುತ್ತಿದ್ದಾರೆ, ಏಜೆಂಟರ ಆಫೀಸಿನಲ್ಲಿ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ನಿನ್ನ ಹಡಗಿನ ದಾರಿ ಬದಲಾಗಿ ಮುಂದಿನ ತಿಂಗಳ ಮೊದಲ ವಾರ ನಮ್ಮ ಬಂದರಿಗೇ ಬರುತ್ತದಂತೆ. ಮೊನ್ನೆಯೇ ಗೊತ್ತಾಯಿತು. ಮೇಲೆ ಬರೆಯಲು ಕೈ ಬರಲಿಲ್ಲ. ಆ ಹಡಗಿನಲ್ಲಿ ನನ್ನ ತಮ್ಮನಿದ್ದಾನೆ ಎಂದು ದೊಡ್ಡವರಿಗೆ ಹೇಳಿ, ಆ ವಾರ ಆಯ್ಕೆಯ ಮೇಜಿನಲ್ಲಿ ಕೂರುವುದಿಲ್ಲ ಎಂದಿದ್ದೇನೆ. ಯಾರಾದರೂ ಹತ್ತುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ನಿನ್ನ ಹಡಗಿನ ತುರ್ತು ಜನರೇಟರ್ ರಚ್ಚೆ ಹಿಡಿದ ಮಗುವಿನ ಹಾಗೆ, ಪುಸಲಾಯಿಸಿದರೆ ಮಾತ್ರ ಏಳುತ್ತದೆ ಎಂದು ನೀನು ನಗುತ್ತಾ ಹೇಳಿದ್ದೆಯಲ್ಲ, ಅದು ನನ್ನನ್ನು ಮಲಗಲು ಬಿಡುತ್ತಿಲ್ಲ. ಬರುವುದರೊಳಗೆ ಸರಿಮಾಡಲಾದರೆ ಮಾಡು. ಕಂಪನಿ ಸಾಮಾನು ಕಳಿಸದೆ ಸತಾಯಿಸುತ್ತಿದ್ದರೆ, ಯಾರಾದರೂ ಬಂದು ಕೇಳಿದಾಗ ಪುಸಲಾಯಿಸಿ ಎಬ್ಬಿಸಿ ತೋರಿಸಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳು. ಯಾರೂ ಬಾರದಿದ್ದರೆ ನಮ್ಮ ಆಫೀಸಿಗೆ ನೀನೇ ಹೇಳಿ ಕಳಿಸು. ಕೆಲಸಕ್ಕೆ ಕುತ್ತು ಬರಬಹುದು, ಗೊತ್ತು. ಹಡಗು ನಿಂತರೆ ನಾಲ್ಕು ದಿನ ನೀನು ಮನೆಯಲ್ಲಿ ಮಲಗುತ್ತೀಯ, ನಿಲ್ಲಲಿ ನಿಲ್ಲಲಿ ಎಂದು ಮನಸ್ಸು ಒಳಗೊಳಗೇ ಹೇಳುತ್ತಿದೆ. ನೀನು ಮಲಗುವ ಹಡಗಿನಲ್ಲಿ ದೋಷ ಸಿಗಲಿ ಎಂದು ಬಯಸುವ ಮನಸ್ಸು ಎಂಥದ್ದೋ! ಇದನ್ನು ಬರೆಸುತ್ತಿರುವುದು ನನ್ನ ನೌಕರಿಯೋ, ನಿನ್ನ ಖಾಲಿ ಮಂಚವೋ ನನಗೇ ತಿಳಿಯುತ್ತಿಲ್ಲ. ಅದಕ್ಕೇ ತೀರ್ಮಾನ ನಿನಗೆ ಬಿಟ್ಟಿದ್ದೇನೆ. ಏನೇ ಆಗಲಿ, ನಿನ್ನ ಹಡಗು ಬರುವ ದಿನ ರಜೆ ಹಾಕಿದ್ದೇನೆ. ಬಂದರಿನ ಗೇಟಿನ ಹೊರಗೆ ನಿಂತಿರುತ್ತೇನೆ. ಹಡಗು ನಿಂತರೂ ಹೊರಟರೂ ಒಂದು ಗಳಿಗೆ ಇಳಿದು ಬಾ, ಮುಖ ನೋಡಿ ಬಹಳ ಕಾಲವಾಯಿತು.